ಜೋಡಿ ಕಚ್ಚಿನ ಇಟ್ಟಿಗೆ

ಮೊದಲ ನೋಟಕ್ಕೆ ವರ್ಲೀನ್ ಸ್ಟಬ್ಸ್ ಕೈಹಾಕುವಂಥ ಸರಕಾಗಿರಲಿಲ್ಲ. ವಯಸ್ಸು ಅರವತ್ತೆಂಟು. ಮಂಡಿ ಎರಡೂ ಸವೆದವು. ಎದ್ದರೂ ಕೂತರೂ ಎಣ್ಣೆ ಕಾಣದ ಕೀಲಿನ ಸದ್ದು. ಬೆನ್ನು ಬಾಗಿತ್ತು, ಮುರಿದಿರಲಿಲ್ಲ. ಕೈಗಳು ಮಾತ್ರ ಮೊದಲ ದರ್ಜೆಯವು: ಅಗಲವಾದ ಅಂಗೈ, ಚಪ್ಪಟೆಯಾಗಿ ಗಟ್ಟಿಬಿದ್ದ ಹೆಬ್ಬೆರಳು, ಇನ್ನೂ ಇಪ್ಪತ್ತು ವರ್ಷ ದುಡಿಯುವಂಥವು. ಮೂಗು ದೋಷದ್ದು. ಉಸಿರೆಳೆದಾಗಲೆಲ್ಲ ಒಳಗಿನಿಂದ ಸಣ್ಣದೊಂದು ಸೀಟಿ ಬರುತ್ತಿತ್ತು. ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು. ಕ್ರೋಮ್ ತೊಟ್ಟಿಗಳ ಪಕ್ಕದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಾರ್ಖಾನೆ ಕೊಟ್ಟ ಬಳುವಳಿ ಅದು. ವಾಸನೆ ತಿಳಿಯುತ್ತಿರಲಿಲ್ಲ, ರುಚಿಯೂ ಅಷ್ಟಕ್ಕಷ್ಟೆ. ಹರಾಜಿಗಿಟ್ಟರೆ 'ಇದ್ದ ಸ್ಥಿತಿಯಲ್ಲಿ, ವಾಪಸಿಲ್ಲ' ಎಂದು ಚೀಟಿ ಅಂಟಿಸಿ ಮೂಲೆಗೆ ತಳ್ಳುವ ಸಾಮಾನು. ಕೆಡವಿದ ಕಟ್ಟಡಗಳ ಸರಕು ಮಾರುವ ಕಸುಬಿನಲ್ಲಿ ಕೂದಲು ನರೆಸಿಕೊಂಡ ನಾನು ಅವಳಿಗೆ ಹಾಗೆಯೇ ಬೆಲೆ ಕಟ್ಟಿದೆ. ನನ್ನ ತಪ್ಪು ಅಂದಾಜುಗಳಲ್ಲಿ ಅದಕ್ಕೇ ಮೊದಲ ಜಾಗ.

ಆಕೆ ವೆಲ್ಬರ್ನ್ ಮೋಟಾರು ಕಾರ್ಖಾನೆಯ ನೆಲದವಳು. ನಮ್ಮೂರಲ್ಲಿ ಸತ್ತವರನ್ನೂ ವಿಭಾಗದ ಹೆಸರಿನಿಂದಲೇ ನೆನೆಯುತ್ತಾರೆ. ಪ್ರೆಸ್ಸಿನವನು, ಬಣ್ಣದವನು, ಎಂಜಿನ್ನಿನವನು ಎಂದು. ನೆಲದವರು ಎಂದರೆ ಇಡೀ ಕಾರ್ಖಾನೆಗೆ ನಾಲ್ಕೇ ಜನ. ಒಂಬತ್ತು ಸಾವಿರ ಜನ ಆ ನೆಲದ ಮೇಲೆ ನಿಂತು ದುಡಿದರು. ಅದನ್ನು ನೋಡುತ್ತಿದ್ದವರು ನಾಲ್ವರು.

ಆ ನೆಲ ಕಾಂಕ್ರೀಟಿನದಲ್ಲ, ಮರದ್ದು. ಇಟ್ಟಿಗೆಯಷ್ಟು ದೊಡ್ಡ ಪೈನ್ ತುಂಡುಗಳನ್ನು ಡಾಂಬರೆಣ್ಣೆಯಲ್ಲಿ ಅದ್ದಿ, ಮರದ ವಯಸ್ಸಿನ ಸುತ್ತುಗೆರೆ ಮೇಲೆ ಕಾಣುವಂತೆ ನಿಲ್ಲಿಸಿ, ಒಂದಕ್ಕೊಂದು ಒತ್ತಿ ಕೂರಿಸಿದ್ದರು. ಎಂಬತ್ತು ವರ್ಷದ ಹಿಂದೆ ಕಟ್ಟಿದವರು ದಡ್ಡರೇನಲ್ಲ. ಕೈಜಾರಿ ಬಿದ್ದ ಗಿಯರ್ ಚಕ್ರ ಮರದ ಮೇಲೆ ಮುರಿಯುವುದಿಲ್ಲ, ನಿಂತವರ ಕಾಲೂ ನೋಯುವುದಿಲ್ಲ, ಚೆಲ್ಲಿದ ಎಣ್ಣೆಯನ್ನು ಮರವೇ ಕುಡಿಯುತ್ತದೆ. ಅದು ಕುಡಿದದ್ದು ಎಣ್ಣೆಯನ್ನಷ್ಟೇ ಅಲ್ಲ ಎನ್ನುವುದು ಆಮೇಲಿನ ಮಾತು.

ಕಾರಿನ ಹಿಂಭಾಗಕ್ಕೆ ರೆಕ್ಕೆ, ಮುಂಭಾಗಕ್ಕೆ ಹಲ್ಲು ಬಂದ ಕಾಲ ಒಂದಿತ್ತಲ್ಲ, ಆಗ ಮಿಶಿಗನ್ನಿನ ಈ ಮೂಲೆಯಲ್ಲಿ ಎಲ್ಲವೂ ಹೊಳೆಯಬೇಕಾಗಿತ್ತು. ಬಂಪರುಗಳಿಗೆ ಕ್ರೋಮ್ ಹಿಡಿಸಲು ನದಿ ಗೇಟಿನ ಪಕ್ಕ ದೊಡ್ಡದೊಂದು ವಿಭಾಗ ಕಟ್ಟಿದರು. ತೊಟ್ಟಿಯಿಂದ ಎತ್ತಿದ ಬಂಪರು ಮುಂದಿನ ತೊಟ್ಟಿ ಮುಟ್ಟುವವರೆಗೆ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಆ ಹಳದಿ ನೀರನ್ನು ನೆಲದ ಮರ ದಿನವೂ ಕುಡಿಯಿತು.

ವರ್ಲೀನ್ ಕೆಂಟಕಿಯ ಗಣಿ ಬೆಟ್ಟಗಳಿಂದ ಬಂದವಳು. ಮೂವತ್ತೈದನೆಯ ವಯಸ್ಸಿಗೆ, ಗಂಡನನ್ನು ಅಲ್ಲೇ ಬಿಟ್ಟು, ಒಂದು ಸೂಟ್‌ಕೇಸಿನೊಂದಿಗೆ ಗೇಟಿನಲ್ಲಿ ನಿಂತಳು. ಹೆಂಗಸಿಗೆ ಎಲ್ಲಿ ಕೆಲಸ ಕೊಡುವುದೆಂದು ತಿಳಿಯದ ಮೇಸ್ತ್ರಿ ಅವಳನ್ನು ಮಂಡಿಯೂರುವ ಕೆಲಸಕ್ಕೆ ಹಾಕಿದ. ಮಳೆನೀರು ಒಳನುಗ್ಗಿದರೆ ಮರ ಉಬ್ಬಿ ನೆಲ ಗುಡ್ಡದಂತೆ ಏಳುತ್ತದೆ. ಅದನ್ನು ಕಿತ್ತು, ಸತ್ತ ಇಟ್ಟಿಗೆ ಬೇರ್ಪಡಿಸಿ, ಹೊಸದು ಕೂರಿಸಬೇಕು. ಹೇಳಿಕೊಟ್ಟವನು ಆನ್ಸೆಲ್ ರೂಕರ್ ಎಂಬ ಮುದುಕ. ಮಾತು ಕಡಿಮೆ, ತಂಬಾಕು ಹೆಚ್ಚು. ಒಂದು ಮರದಿಟ್ಟಿಗೆಯನ್ನು ಕೈಗೆ ಕೊಟ್ಟು ಇದು ಎಲ್ಲಿಯದು ಎಂದು ಕೇಳುವುದು ಅವನ ಪಾಠದ ಕ್ರಮ. ಬೆಸುಗೆಯ ಸಣ್ಣ ಕಬ್ಬಿಣದ ಮಣಿಗಳು ಮೆತ್ತಿದ್ದರೆ ಬಾಡಿ ವಿಭಾಗದ್ದು. ಅಂಚಿನಲ್ಲಿ ಬಣ್ಣದ ಪದರಗಳಿದ್ದರೆ ಪೇಂಟಿನದು. ತೂಕ ಕಡಿಮೆಯಾಗಿ, ಅಂಚು ಹಳದಿಗಟ್ಟಿದ್ದರೆ ಕ್ರೋಮಿನದು.

ಕಿತ್ತ ಇಟ್ಟಿಗೆಗಳಿಗೆ ಊರಲ್ಲಿ ಬೇಡಿಕೆಯಿತ್ತು. ಡಾಂಬರು, ಎಣ್ಣೆ ಕುಡಿದ ಪೈನು ಒಲೆಯಲ್ಲಿ ಕಲ್ಲಿದ್ದಲಿನಂತೆ ಉರಿಯುತ್ತದೆ. ಪ್ರತಿ ಶುಕ್ರವಾರ ಗೇಟಿನ ಪಕ್ಕದ ದೊಡ್ಡ ಪೆಟ್ಟಿಗೆಗೆ ಅವನ್ನು ಸುರಿಯುತ್ತಿದ್ದರು. ಪಾಳಿ ಮುಗಿಸಿದವರು ಊಟದ ಡಬ್ಬಿಯ ಜೊತೆ ತೋಳ ತುಂಬ ಹೊತ್ತು ಹೋಗುತ್ತಿದ್ದರು. ಕಂಪನಿಗೆ ಕಸ ಕಳೆಯಿತು, ಮನೆಗೆ ಬಿಸಿ ಸಿಕ್ಕಿತು. ಶುಕ್ರವಾರದ ಪೆಟ್ಟಿಗೆ ಎಂದರೆ ನಮ್ಮವರ ಮುಖ ಈಗಲೂ ಅರಳುತ್ತದೆ. ಎರಡು ತಲೆಮಾರು ಆ ನೆಲವನ್ನೇ ಸುಟ್ಟು ಚಳಿ ಕಳೆದಿವೆ.

ಕ್ರೋಮ್ ವಿಭಾಗದ ಇಟ್ಟಿಗೆ ಮಾತ್ರ ಆ ಪೆಟ್ಟಿಗೆಗೆ ಬೀಳಬಾರದು. ಸುಟ್ಟರೆ ಅದರ ಹೊಗೆ ವಿಷ. ಇದು ರೂಕರನ ಕಟ್ಟಳೆ. ಯಾವ ಪುಸ್ತಕದಲ್ಲೂ ಇಲ್ಲ. ಹಿಂದೊಮ್ಮೆ ಅವನು ಬಾಯಿಬಿಟ್ಟದ್ದಕ್ಕೆ ಮೇಲಿನವರು, ಜನರನ್ನು ಹೆದರಿಸಿದರೆ ನಿನ್ನನ್ನು ಹೊರಗೆ ಕಳಿಸಬೇಕಾಗುತ್ತದೆ ಎಂದಿದ್ದರಂತೆ. ಅಂದಿನಿಂದ ಅವನು ಬಾಯಿಯನ್ನು ತಂಬಾಕಿಗೆ ಬಿಟ್ಟು ಬಾಚಿಯಲ್ಲಿ ಮಾತಾಡಿದ. ಕ್ರೋಮಿನ ದಾರಿಗೆ ಕೂರಿಸುವ ಪ್ರತಿ ಇಟ್ಟಿಗೆಯ ಬುಡಕ್ಕೂ ಮೊದಲೇ ಎರಡು ಕಚ್ಚು. ಮುಂದೆ ಯಾರು ಕಿತ್ತರೂ ಕತ್ತಲಲ್ಲೂ ಹೆಬ್ಬೆರಳಿಗೆ ಸಿಗಬೇಕು. ಸಿಕ್ಕಿದ್ದನ್ನು ಬೇರೆ ಡಬ್ಬಕ್ಕೆ ಹಾಕಿ ಮುಚ್ಚಬೇಕು. ಅರ್ಥ ಗೊತ್ತಿದ್ದದ್ದು ನಾಲ್ವರಿಗೆ. ರೂಕರ್ ಸತ್ತ ಮೇಲೆ ಬಾಚಿ ವರ್ಲೀನಳ ಕೈಗೆ ಬಂತು. ಕ್ರೋಮಿನ ದಾರಿಯನ್ನು ಪೂರ್ತಿ ಕಿತ್ತು ಹೊಸದಾಗಿ ಹಾಸಿದವಳು ಅವಳೇ: ಐದು ಸಾವಿರದ ಇನ್ನೂರು ಇಟ್ಟಿಗೆ, ಪ್ರತಿಯೊಂದಕ್ಕೂ ಜೋಡಿ ಕಚ್ಚು.

ತಪ್ಪಿದ್ದು ಒಂದೇ ಸಲ. ಎಂಬತ್ತೊಂದರ ಡಿಸೆಂಬರಿನಲ್ಲಿ ಮೂರು ಸಾವಿರ ಜನರನ್ನು ಒಟ್ಟಿಗೆ ಮನೆಗೆ ಕಳಿಸಿದರು. ಕೊನೆಯ ಪಾಳಿಯ ದಿನ ಕ್ರೋಮಿನ ಮೂಲೆಯೊಂದು ಉಬ್ಬಿತ್ತು. ಅಲ್ಲಿದ್ದವು ರೂಕರನಿಗಿಂತ ಹಳೆಯ ಇಟ್ಟಿಗೆಗಳು, ಕಚ್ಚಿಲ್ಲದವು. ಕೆಲಸ ಹೋದವಳ ಕೈಗೆ ಗಮನ ಎಲ್ಲಿಯದು? ಕಿತ್ತದ್ದನ್ನು ಕೈಗಾಡಿಗೆ ಹಾಕಿ, ಗಾಡಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಎಲ್ಲರ ಜೊತೆ ಹೊರನಡೆದಳು. ಅಂದು ಶುಕ್ರವಾರ. ಯಾರೋ ಪುಣ್ಯಾತ್ಮರು ಗಾಡಿಯನ್ನು ಪೆಟ್ಟಿಗೆಗೆ ಸುರಿದರು.

ಡ್ಯೂಯಿ ಕಾಯ್ಲ್ ಬಂಪರು ಸಾಲಿನವನು, ವರ್ಲೀನಳಿಗೆ ಎರಡು ಮನೆ ಆಚೆಯವನು. ಅವನ ಹೆಂಡತಿ ಲೊರೆಟ್ಟಾ ದಿನವಿಡೀ ಅಡಿಗೆಮನೆಯ ಒಲೆಯ ಪಕ್ಕದಲ್ಲಿ ಕೂತು ಹೊಲಿಗೆ ಹಾಕುತ್ತಿದ್ದಳು. ಜನವರಿಯಲ್ಲಿ ಕೆಮ್ಮು, ಫೆಬ್ರವರಿಯಲ್ಲಿ ರಕ್ತ, ಮಾರ್ಚಿನಲ್ಲಿ ಹೆಣದ ಪೆಟ್ಟಿಗೆ. ಡಾಕ್ಟರು ನ್ಯುಮೋನಿಯಾ ಎಂದು ಬರೆದ. ಮಣ್ಣಿನ ದಿನ ಪಾತ್ರೆ ತೊಳೆಯಲು ಒಳಹೋದ ವರ್ಲೀನ್ ಒಲೆಯ ಬೂದಿ ತೆಗೆದಳು. ಬೂದಿ ಹಸಿರಾಗಿತ್ತು. ಪಾಚಿಯಂತೆ ತಿಳಿಹಸಿರು. ಕಿಟಕಿಯಲ್ಲಿದ್ದ ಜೆರೇನಿಯಂ ಗಿಡದ ಎಲೆಗಳು ಸುಟ್ಟ ಕಾಗದದಂತೆ ಮುದುಡಿದ್ದವು. ಬೂದಿಯನ್ನು ಎಳೆದು ಬಾಚಿ, ತನ್ನ ಮನೆಗೆ ಒಯ್ದು, ಹಿತ್ತಿಲಲ್ಲಿ ಹೂತಳು. ಯಾರಿಗೂ ಹೇಳಲಿಲ್ಲ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಡ್ಯೂಯಿಗೆ ಒಂದು ಸಿಹಿಗೆಣಸಿನ ಪೈ ಮಾಡಿಕೊಟ್ಟಳು. ಒಳ್ಳೆಯ ನೆರೆಯವಳು ಎಂದು ಬೀದಿಯವರು ಹೇಳುತ್ತಿದ್ದರು.

ಎರಡು ವರ್ಷದ ಮೇಲೆ ಅವಳನ್ನು ಕೆಲಸಕ್ಕೆ ವಾಪಸು ಕರೆದರು; ಕ್ರೋಮಿನ ದಾರಿಯನ್ನು ಪೂರ್ತಿ ಕಿತ್ತು ಹಾಸಿದ್ದು ಆಮೇಲೆಯೇ. ತೊಂಬತ್ತೆಂಟರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಎರಡು ಸಾವಿರದ ಒಂದರ ಶರತ್ಕಾಲದಲ್ಲಿ ಕೆಡವುವ ಯಂತ್ರಗಳು ಬಂದವು. ಊರವರು ಮಡಚುವ ಕುರ್ಚಿ ಹಾಕಿಕೊಂಡು ನೋಡಿದರು. ನೀರಿನ ಗೋಪುರ ಬಿದ್ದಾಗ ಮುದುಕರು ಟೋಪಿ ತೆಗೆದರು. ನೆಲದ ಮರವನ್ನು ಪೂರ್ತಿ ಕೊಂಡವನು ನಾನು. ಅದಕ್ಕೆ ಗಿರಾಕಿಗಳನ್ನು ಹುಡುಕಬೇಕಿರಲಿಲ್ಲ. ಶುಕ್ರವಾರದ ಪೆಟ್ಟಿಗೆ ಮತ್ತೆ ತೆರೆದಿದೆ ಎಂದು ಒಂದು ಹಲಗೆ ಬರೆದು ನಿಲ್ಲಿಸಿದೆ, ಅಷ್ಟೆ. ಅಂಗಳದ ಮುಂದೆ ಸಾಲು ಹತ್ತಿತು.

ಸಾಲಿನಲ್ಲಿ ನಿಲ್ಲದೆ ಒಳಬಂದವಳು ವರ್ಲೀನ್. ರಾಶಿಯ ಪಕ್ಕ ಮಂಡಿಯೂರಿ ಒಂದೊಂದೇ ಇಟ್ಟಿಗೆ ಎತ್ತಿ, ಬುಡಕ್ಕೆ ಹೆಬ್ಬೆರಳು ಎಳೆದು ನೋಡತೊಡಗಿದಳು. ಕೋಳಿಮೊಟ್ಟೆ ಆರಿಸುತ್ತಿದ್ದೀಯಾ ಎಂದು ಕೇಳಿದೆ. ಅವಳು ಕಚ್ಚಿನ ವಿಷಯ ಹೇಳಿದಳು. ಮಾರಾಟ ನಿಲ್ಲಿಸು, ಎಲ್ಲವನ್ನೂ ತಿರುಗಿಸಿ ನೋಡುವವರೆಗೆ ಒಂದು ತುಂಡೂ ಹೊರಹೋಗಬಾರದು ಎಂದಳು. ಎರಡು ಲಕ್ಷ ತುಂಡುಗಳ ಗುಡ್ಡದ ಮುಂದೆ ನಿಂತು ಮಂಡಿ ಸವೆದ ಮುದುಕಿ ಆಡುವ ಮಾತಲ್ಲ ಅದು. ಆರಿಸುವುದಿದ್ದರೆ ಆರಿಸಿಕೋ, ನೀನು ನೋಡಿದ್ದನ್ನಷ್ಟೇ ಮಾರುತ್ತೇನೆ, ಇರುವುದೆಲ್ಲ ಇಲ್ಲೇ ನಿನ್ನ ಕಣ್ಣ ಮುಂದೆ ಇದೆ ಎಂದೆ.

ಎಲ್ಲವೂ ಕಣ್ಣ ಮುಂದೆ ಇರಲಿಲ್ಲ. ಮೊದಲು ಬಂದ ಸರಕು ಹಿಂದಿನ ಶೆಡ್ಡಿನಲ್ಲಿತ್ತು. ಸರೋವರದ ದಂಡೆಯಲ್ಲಿ ಮೀನು ಹಿಡಿಯುವವರಿಗೆ ಎರೆ, ಸೌದೆ ಮಾರುವ ಅಂಗಡಿಯವನಿಗೆ ಮಾತು ಕೊಟ್ಟಾಗಿತ್ತು. ಮರುದಿನ ಎರಡು ಲಾರಿಗಳಲ್ಲಿ ಅದು ಹೋಯಿತು.

ನವೆಂಬರಿನಿಂದ ಫೆಬ್ರವರಿವರೆಗೆ, ಭಾನುವಾರ ಬಿಟ್ಟು ಪ್ರತಿದಿನ ಆಕೆ ಬಂದಳು. ಟೈರಿನ ತುಂಡುಗಳನ್ನು ಮಂಡಿಗೆ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಹುರುಳಿಕಾಯಿ ಸೂಪು ತಂದುಕೊಂಡು. ನನ್ನ ಆಳುಗಳು ಮೊದಲು ನಕ್ಕರು, ಆಮೇಲೆ ಅವಳ ಸೀಟಿ ಕೇಳಿಸದಿದ್ದರೆ ತಲೆಯೆತ್ತಿ ನೋಡತೊಡಗಿದರು. ಜೋಡಿ ಕಚ್ಚಿನದು ಸಿಕ್ಕರೆ ಪಕ್ಕದ ಪೀಪಾಯಿಗೆ ಬೀಳುವ ಟಣ್ ಎಂಬ ಸದ್ದು. ದಿನಕ್ಕೆ ಏಳೆಂಟು ಸಲ, ಕೆಲವು ದಿನ ಅದೂ ಇಲ್ಲ. ಅದು ಅವಳಿಗೆ ಸಮಾಧಾನ ತರಲಿಲ್ಲ. ದಿನ ಕಳೆದಂತೆ ಮುಖ ಬಿಗಿಯುತ್ತ ಹೋಯಿತು.

ಫೆಬ್ರವರಿಯ ಎರಡನೇ ವಾರ ಗುಡ್ಡ ಕರಗಿತು. ಪೀಪಾಯಿಗಳಲ್ಲಿ ಇದ್ದದ್ದು ಏಳುನೂರು. ಹಾಕಿದ್ದು ಐದು ಸಾವಿರದ ಇನ್ನೂರು. ವರ್ಲೀನ್ ನನ್ನ ಕಚೇರಿಗೆ ಬಂದು ಕೂತಳು, ಕೆಡವಲು ಮೊದಲು ಶುರುಮಾಡಿದ್ದು ಯಾವ ಕಡೆಯಿಂದ ಎಂದು ಕೇಳಿದಳು.

ನದಿ ಗೇಟಿನ ಕಡೆಯಿಂದ ಎಂದೆ.

"ಹಾಗಾದ್ರೆ ಮೊದ್ಲು ಬಂದಿದ್ದು ಅದೇ," ಅಂದಳು. "ಮೊದ್ಲು ಬಂದಿದ್ದು ಎಲ್ಹೋಯ್ತು?"

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದೆ. ಜೋಡಿಸುವಂಥದ್ದೇನೂ ಇರಲಿಲ್ಲ. ಕೊನೆಗೆ ಸರೋವರದ ಹೆಸರು ಹೇಳಿದೆ.

ಅವಳು ಬೈಯಲಿಲ್ಲ. ಹೆಬ್ಬೆರಳಿನಿಂದ ಮೇಜಿನ ಅಂಚನ್ನು ಒಮ್ಮೆ ಉದ್ದಕ್ಕೂ ಸವರಿದಳು, ಕಚ್ಚು ಹುಡುಕುವವಳಂತೆ. ಗಾಡಿ ತೆಗೆ ಎಂದಳು.

ಚಳಿಗಾಲದಲ್ಲಿ ನಮ್ಮ ಸರೋವರ ಕಲ್ಲಾಗುತ್ತದೆ. ಕೆಲಸ ಕಳೆದುಕೊಂಡ, ನಿವೃತ್ತರಾದ ಗಂಡಸರೆಲ್ಲ ಅದರ ಮೇಲೆ ಪ್ಲೈವುಡ್ಡಿನ ಗುಡಿಸಲು ಎಳೆದು ತಂದು, ಮಂಜುಗಡ್ಡೆಗೆ ತೂತು ಕೊರೆದು, ಪರ್ಚ್ ಮೀನು ಬರುವುದನ್ನು ಕಾಯುತ್ತ ಕೂರುತ್ತಾರೆ. ಗುಡಿಸಲು ಎಂದರೆ ಒಬ್ಬ ಕೂತು ಇನ್ನೊಬ್ಬ ಬಗ್ಗಿ ನಿಲ್ಲುವಷ್ಟು ಜಾಗ. ಕಿಟಕಿಯಿಲ್ಲ. ಗಾಳಿ ನುಗ್ಗದಂತೆ ಸಂದುಗಳಿಗೆಲ್ಲ ಚಿಂದಿ ತುರುಕಿರುತ್ತಾರೆ. ಒಳಗೆ ಡಬ್ಬಿಯಷ್ಟು ದೊಡ್ಡ ಒಲೆ. ಆ ಒಲೆಗೆ ಅಪ್ಪನ ಕಾಲದಿಂದಲೂ ಸೌದೆಯೆಂದರೆ ಕಾರ್ಖಾನೆಯ ನೆಲವೇ. ಹಿಡಿ ಗಾತ್ರ, ಹೆಚ್ಚು ಉರಿ, ಅದಕ್ಕಿಂತ ಸರಿಯಾದದ್ದು ಬೇರೆಲ್ಲಿದೆ? ಇನ್ಯಾವ ಊರಿನವರಾದರೂ ಆ ಕಪ್ಪು ತುಂಡನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮ್ಮವರು ಬಾಗಿಲು ಮುಚ್ಚಿಕೊಂಡರು.

ಮಧ್ಯಾಹ್ನ ಮೂರರ ಹೊತ್ತು. ಆಕಾಶವೂ ನೆಲವೂ ಒಂದೇ ಬೂದು. ಇಪ್ಪತ್ತೆರಡು ಗುಡಿಸಲು, ಇಪ್ಪತ್ತೆರಡು ಕೊಳವೆ, ನೆಟ್ಟಗೆ ಏಳುವ ಹೊಗೆ. ಅಡಿಯಲ್ಲಿ ಎಲ್ಲೋ ದೂರದಲ್ಲಿ ಮಂಜುಗಡ್ಡೆ ಸೀಳಿ ಗುಡುಗಿದಂತೆ ಸದ್ದಾಯಿತು. ಅದಕ್ಕೆ ಇಲ್ಲಿ ಯಾರೂ ಬೆಚ್ಚುವುದಿಲ್ಲ. ವರ್ಲೀನ್ ನಿಂತದ್ದು ಬೇರೆಯದಕ್ಕೆ. ಎಸೆದ ಮೀನಿನ ಕರುಳಿಗಾಗಿ ಗುಡಿಸಲುಗಳ ಸುತ್ತ ಸದಾ ಜಗಳಾಡುವ ಬಿಳಿ ಹಕ್ಕಿಗಳು ಅಂದು ಒಂದೂ ಇರಲಿಲ್ಲ. ಕರುಳು ಹಾಗೇ ಹೆಪ್ಪುಗಟ್ಟಿ ಬಿದ್ದಿತ್ತು.

ಆಕೆ ನೆಲ ನೋಡಿಕೊಂಡು ನಡೆದಳು. ಪ್ರತಿ ಬಾಗಿಲ ಪಕ್ಕದಲ್ಲೂ ಒಲೆಯ ಬೂದಿ ಸುರಿದ ಗುಪ್ಪೆ. ಮೊದಲನೆಯದು ಬೂದು. ಎರಡನೆಯದು ಬೂದು. ಮೂರನೆಯದರಲ್ಲಿ ಒಂದು ಗೆರೆಯಷ್ಟು ಹಸಿರು. ಆರನೆಯ ಗುಡಿಸಲಿನ ಮುಂದೆ ಗುಪ್ಪೆ ಪೂರ್ತಿ ಹಸಿರು, ಬಿಳಿಯ ಮಂಜಿನ ಮೇಲೆ ಚಿಗುರು ಹುಲ್ಲಿನಂತೆ. ಬಾಗಿಲ ಮೇಲೆ ಬಂಪರಿನ ತುಂಡೊಂದನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು. ಡ್ಯೂಯಿ ಕಾಯ್ಲನದು.

ವರ್ಲೀನ್ ಬಾಗಿಲ ಮುಂದೆ ನಿಂತಳು. ಅವಳ ಹಿಂದೆ ಹತ್ತು ಹೆಜ್ಜೆಯಲ್ಲಿದ್ದೆ. ಸೀಟಿ ನಿಂತಿತ್ತು, ಎಂದರೆ ಉಸಿರು ಹಿಡಿದಿದ್ದಳು. ಒಲೆ ಆರಿಸು ಎಂದರೆ ಡ್ಯೂಯಿ ಯಾಕೆ ಎನ್ನುತ್ತಾನೆ. ಆ ಯಾಕೆಗೆ ಇಪ್ಪತ್ತು ವರ್ಷದಿಂದ ಮಣ್ಣು ಮುಚ್ಚಿದ್ದಳು. ಸುಮ್ಮನೆ ಸೌದೆ ಸರಿಯಿಲ್ಲ ಎಂದರೆ ಅವನು ನಕ್ಕು ಇನ್ನೊಂದು ತುಂಡು ಹಾಕುವ ಜಾತಿ. ಅರ್ಧ ಹೇಳಿ ಪೂರ್ತಿ ಕೆಲಸ ಮಾಡಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಬಾಗಿಲು ಎಳೆದಳು. ಒಳಗೆ ಡ್ಯೂಯಿ ಬಕೆಟ್ಟಿನ ಮೇಲೆ ಕೂತಿದ್ದ. ಕಣ್ಣು ಕೆಂಪಗೆ, ಮೂಗಿನ ಕೆಳಗೆ ಒಣಗಿದ ರಕ್ತ. ಒಲೆಯ ಸಂದಿನಲ್ಲಿ ಉರಿ ಹಳದಿಯೂ ಅಲ್ಲದ ಕೆಂಪೂ ಅಲ್ಲದ ಬಣ್ಣದ್ದು.

"ಬಾಗ್ಲು ಹಾಕು ವರ್ಲೀನ್," ಅಂದ. "ಇರೋ ಬಿಸೀನೆಲ್ಲ ಊರಿಗೆ ಹಂಚೋಕ್ ಬಂದ್ಯಾ? ಬಾಯಲ್ಲಿ ಉಸ್ರಾಡು, ನಿನ್ ಸೀಟಿಗೆ ಮೀನೆಲ್ಲ ಓಡ್ಹೋಗ್ತವೆ."

ಅವಳು ಸಣ್ಣ ಮೀನುಗಳನ್ನಿಟ್ಟಿದ್ದ ನೀರಿನ ಬಕೆಟ್ಟನ್ನು ಎತ್ತಿ ಒಲೆಯ ಮೇಲೆ ಸುರಿದಳು. ಅವನ ಕೋಟಿನ ಕೊರಳು ಹಿಡಿದು, ಮಂಡಿಗಳೆರಡೂ ಕೂಗುವಂತೆ ಹಿಂದಕ್ಕೆ ಸರಿದು, ಹೊರಗೆ ಎಳೆದಳು. ಎಪ್ಪತ್ತೊಂದರ ಗಂಡಸು ಮಂಜಿನ ಮೇಲೆ ಕೂತು ಕೆಮ್ಮಿದ, ಉಗುಳಿದ, ತಲೆ ಕೆಟ್ಟಿದೆಯಾ ನಿನಗೆ ಎಂದು ಕೇಳಿದ.

"ಲೊರೆಟ್ಟಾ ಸತ್ತಿದ್ದು ನ್ಯುಮೋನಿಯಾದಿಂದಲ್ಲ, ಡ್ಯೂಯಿ," ಅಂದಳು ವರ್ಲೀನ್. "ನಾನು ಗುರ್ತು ಹಾಕ್ದೆ ಬಿಟ್ಟ ಸೌದೆಯಿಂದ."

ಆಮೇಲೆ ಎಲ್ಲವನ್ನೂ ಹೇಳಿದಳು. ರೂಕರನ ಕಟ್ಟಳೆ, ಕೊನೆಯ ಪಾಳಿ, ಗಾಡಿ, ಅಡಿಗೆಮನೆಯ ಹಸಿರು ಬೂದಿ, ಹಿತ್ತಿಲು. ಹೆಚ್ಚಿಲ್ಲ, ಕಡಿಮೆಯಿಲ್ಲ, ಅಳುವಿಲ್ಲ. ಡ್ಯೂಯಿ ತನ್ನ ಬಾಗಿಲ ಮುಂದಿನ ಗುಪ್ಪೆಯನ್ನೇ ನೋಡುತ್ತಿದ್ದ.

"ವರ್ಷಾ ವರ್ಷಾ ಆ ಪೈ ತರ್ತಿದ್ದಿದ್ದು ಇದಕ್ಕಾ?" ಅಂದ ಕೊನೆಗೆ.

"ಇದಕ್ಕೇ."

"ಚೆನ್ನಾಗಿರ್ಲಿಲ್ಲ ಅದು. ಒಂದ್ ವರ್ಷಾನೂ."

"ನಂಗೆ ರುಚಿ ತಿಳಿಯಲ್ಲ."

"ಗೊತ್ತು. ಅದಕ್ಕೇ ತಿಂತಿದ್ದೆ."

ಅವನು ಒಂದು ಕೈಗವಸು ಬಿಚ್ಚಿದ. ಒಳಗಿನ ಸೌದೆ ರಾಶಿಯಿಂದ ಒಂದು ಇಟ್ಟಿಗೆ ತೆಗೆದು ತಿರುಗಿಸಿ, ಬುಡಕ್ಕೆ ಹೆಬ್ಬೆರಳು ಎಳೆದ. ಎರಡು ಕಡೆ ಬೆರಳು ತಡೆಯಿತು. ಆಗಲೇ ತಲೆಯೆತ್ತಿ ನನ್ನನ್ನು ನೋಡಿದ್ದು. ಮಾರಿದವನಿಗೆ ಗೊತ್ತಿತ್ತಾ ಎಂದು ಅವಳನ್ನು ಕೇಳಿದ, ನನ್ನನ್ನಲ್ಲ.

"ಅವ್ನಿಗೇನ್ ಗೊತ್ತು," ಅಂದಳು ವರ್ಲೀನ್. "ಅವ್ನು ಮರ ಮಾರ್ದ. ನೆಲದೋಳು ನಾನು."

ನಾನು ಬಾಯಿ ತೆರೆಯಲಿಲ್ಲ. ಮಾತಿಗೆ ನಾನೆಂದೂ ಬರಗೆಟ್ಟವನಲ್ಲ ಎಂದು ಊರಿಗೆಲ್ಲ ಗೊತ್ತು.

ಡ್ಯೂಯಿ ಎದ್ದು ಏಳನೆಯ ಗುಡಿಸಲಿನ ಬಾಗಿಲು ಬಡಿದ. ಅವಳ ಜೊತೆಯಲ್ಲಿ ನಡೆಯಲಿಲ್ಲ, ಅವಳಿಗಿಂತ ಒಂದು ಬಾಗಿಲು ಮುಂದೆ ನಡೆದ. ಒಬ್ಬೊಬ್ಬರೇ ಹೊರಬಂದು, ಬೈದು, ಬೂದಿ ನೋಡಿ, ಬೈಗುಳ ನಿಲ್ಲಿಸಿದರು. ಬೆಳಕು ಹೋಗುವಷ್ಟರಲ್ಲಿ ಇಪ್ಪತ್ತೆರಡು ಕೊಳವೆಯೂ ತಣ್ಣಗಾದವು. ಉಳಿದಿದ್ದ ಸೌದೆಯನ್ನೆಲ್ಲ ನನ್ನ ಲಾರಿಗೆ ತುಂಬಿದೆವು. ಹತ್ತೊಂಬತ್ತನೆಯ ಗುಡಿಸಲಿನವನು ನಾಲ್ಕು ದಿನದಿಂದ ಬಂದಿರಲಿಲ್ಲ; ಆಸ್ಪತ್ರೆಯಲ್ಲಿದ್ದ, ನ್ಯುಮೋನಿಯಾ ಎಂದು. ಏಪ್ರಿಲಿನಲ್ಲಿ ತೀರಿಕೊಂಡ.

ವಾಪಸು ಬರುವಾಗ ಗಾಡಿಯಲ್ಲಿ, ನನಗೇನೂ ಗೊತ್ತಿರಲಿಲ್ಲವೆಂದು ಯಾಕೆ ಹೇಳಿದೆ ಎಂದು ವರ್ಲೀನಳನ್ನು ಕೇಳಿದೆ. ಅದು ಕರುಣೆಯಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನಿಜ ಹೇಳಿದ್ರೆ ನಾಳೆ ನಿನ್ ಅಂಗಳಕ್ಕೆ ಬೀಗ ಬೀಳತ್ತೆ," ಅಂದಳು. "ಲಾರೀನೂ ಹೋಗತ್ತೆ. ಆಮೇಲೆ ಉಳಿದಿದ್ದನ್ನ ನಾನು ಬೆನ್ಮೇಲೆ ಹೊತ್ಕೊಂಡ್ ಬರ್ಲಾ? ಪ್ರತಿ ಚಳಿಗಾಲ ನಿನ್ ಲಾರಿ ನಂದು, ಎಣಿಕೆ ಮುಗಿಯೋವರ್ಗೂ. ಒಪ್ಪಿಗೆ ಇದ್ರೆ ಸುಮ್ನೆ ಗಾಡಿ ಓಡ್ಸು."

ಸುಮ್ಮನೆ ಗಾಡಿ ಓಡಿಸಿದೆ. ಕಸುಬಿನಲ್ಲಿ ನನ್ನನ್ನು ಅಷ್ಟು ಸಲೀಸಾಗಿ ಕಟ್ಟಿಹಾಕಿದವರು ಬೇರೆ ಯಾರೂ ಇಲ್ಲ.

ಸಿಕ್ಕಿದ್ದನ್ನು ಎಣಿಸಿ, ಸುಟ್ಟದ್ದನ್ನು ಬೂದಿಯಿಂದ ಅಂದಾಜು ಮಾಡಿದರೂ ಆರುನೂರು ಇಟ್ಟಿಗೆ ಕಡಿಮೆ ಬಂತು. ಎರೆ ಅಂಗಡಿಯವನು ದಾರಿಹೋಕರಿಗೆ, ಉತ್ತರದ ಕಾಡಿಗೆ ಬೇಟೆಗೆ ಹೋಗುವವರಿಗೆ ಚೀಲಗಟ್ಟಲೆ ಮಾರಿದ್ದ. ಹೆಸರು ಯಾವುದೂ ಅವನಿಗೆ ನೆನಪಿರಲಿಲ್ಲ. ಏಳು ಚಳಿಗಾಲ ವರ್ಲೀನ್ ನನ್ನ ಪಕ್ಕದಲ್ಲಿ ಕೂತು ಕಾಡಿನ ಮನೆಗಳ ಸೌದೆ ಕೊಟ್ಟಿಗೆಗಳನ್ನು ತಿರುವಿಹಾಕಿದಳು. ಒಂದು ಕಡೆ ಎಂಟು, ಇನ್ನೊಂದು ಕಡೆ ಮೂವತ್ತು. ಕೆಲವು ಕಡೆ ಬರಿಯ ಹಸಿರು ಬೂದಿ ಮತ್ತು ಬಾಗಿಲಿಗೆ 'ಮಾರಾಟಕ್ಕಿದೆ' ಎಂಬ ಹಲಗೆ. ಡ್ಯೂಯಿ ಅವಳೊಂದಿಗೆ ಮತ್ತೆ ಮಾತಾಡಲಿಲ್ಲ. ಹಬ್ಬಕ್ಕೆ ಅವಳು ಪೈ ಇಟ್ಟು ಬರುವುದನ್ನು ನಿಲ್ಲಿಸಲಿಲ್ಲ. ಮರುದಿನ ತಟ್ಟೆ ತೊಳೆದು ಅವಳ ಮೆಟ್ಟಿಲ ಮೇಲೆ ಇರುತ್ತಿತ್ತು. ಒಳಗಿದ್ದದ್ದು ಯಾರ ಹೊಟ್ಟೆಗೆ ಹೋಯಿತೋ ತಿಳಿಯದು.

ಎರಡು ಸಾವಿರದ ಒಂಬತ್ತರಲ್ಲಿ ಅವಳು ಸತ್ತಳು. ಶ್ವಾಸಕೋಶ. ಡ್ಯೂಯಿ ಮಣ್ಣಿಗೆ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಕಾರ್ಖಾನೆ ಇದ್ದ ಜಾಗ ಇಂದಿಗೂ ಬಯಲು. ನದಿ ಗೇಟಿನ ಕಡೆ ಹುಲ್ಲು ಬೆಳೆಯುವುದಿಲ್ಲ.

ಬಾಚಿ ನನ್ನ ಬಳಿ ಇದೆ. ಹಿಂದಿನ ಶೆಡ್ಡಿನ ಬಾಗಿಲನ್ನು ಅವಳಿಗೆ ತೋರಿಸದೆ, ತಿಳಿದೂ ಆ ಎರಡು ಲಾರಿಗಳನ್ನು ಕಳಿಸಿದವನು ನಾನು. ಇದನ್ನು ಡ್ಯೂಯಿ ಕಾಯ್ಲ್ ಬದುಕಿದ್ದಾಗಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ವರ್ಲೀನ್ ಸ್ಟಬ್ಸಳಿಗೆ ನಾನು ಕೊಡಬೇಕಾಗಿರುವುದು ಈ ಒಂದು ಮಾತು, ಮತ್ತು ಇನ್ನೂ ಸಿಗದ ಸುಮಾರು ನಾನೂರು ಇಟ್ಟಿಗೆ.